ಹದಿನಾಲ್ಕು ಸಿಗರೇಟಿನ ಚಿಲ್ಲರೆ

ಒಂದು ಸಿಗರೇಟಿಗೆ ಹದಿನೆಂಟು ರೂಪಾಯಿ. ನಾನು ದಿನಕ್ಕೆ ಹದಿನಾಲ್ಕು ಸೇದುತ್ತಿದ್ದೆ. ನಮ್ಮ ಬಸ್ಸಿನ ಲೆಕ್ಕದಲ್ಲಿ ಹೇಳುವುದಾದರೆ, ಸ್ಟ್ಯಾಂಡಿನಿಂದ ನೂಲಿನ ಗಿರಣಿ ಗೇಟಿನವರೆಗೆ ಇಪ್ಪತ್ತೊಂದು ಜನ ಕೂತು ಹೋಗುವಷ್ಟು ದುಡ್ಡು. ಅದನ್ನು ದಿನಾ ಸುಟ್ಟು ಬೂದಿ ಕೊಡವುತ್ತಿದ್ದೆ. ಇದು ಸೇದುವ ಖರ್ಚು. ಬಿಡುವ ಖರ್ಚು ಬೇರೆ. ಓಣಿಯ ಮನೆಮನೆಗೂ ಹಂಚುವುದಕ್ಕೆ ಎರಡು ಕಿಲೋ ಸಕ್ಕರೆ, ಹನ್ನೊಂದು ಮನೆಯವರು ಮೂರು ದಿನ ಛತ್ರದಲ್ಲಿ ಇರುವುದಕ್ಕೆ ಬಾಡಿಗೆ, ಅವರ ಊಟ, ಓಣಿಯಲ್ಲಿನ ಮಿಷನ್ನು ಬಂದ್ ಮಾಡುವ ಶಿಂಪಿಗನ ಮೂರು ದಿನದ ಕೂಲಿ, ಇದೆಲ್ಲದರ ಮೇಲೆ ಓಣಿಯಲ್ಲಿ ಉಳಿಯಲು ಒಪ್ಪಿದ ಮುದಿಜೀವಕ್ಕೆ ಒಂದು ಶಾಲು. ಹೀಗಾಗಿ ನಮ್ಮೂರಲ್ಲಿ ಸಿಗರೇಟು ಸೇದುವವರು ಯಾರಾದರೂ ಆಗಬಹುದಿತ್ತು, ಬಿಡುವವರು ಮಾತ್ರ ಅನುಕೂಲಸ್ಥರೇ ಆಗಬೇಕಿತ್ತು.

ನಮ್ಮಲ್ಲಿ ಬಿಟ್ಟ ಚಟ ಊರು ಬಿಟ್ಟು ಹೋಗುವುದಿಲ್ಲ. ಅದು ಎಲ್ಲಿ ನಡೆಯುತ್ತಿತ್ತೋ ಆ ಜಾಗದಲ್ಲೇ, ಮೂರು ದಿನದೊಳಗೆ, ಒಂದು ಸೀಟಿ ಕೇಳುವಷ್ಟು ದೂರದಲ್ಲಿ, ಆ ಚಟ ಇಲ್ಲದ ಇನ್ನೊಬ್ಬರ ಮೇಲೆ ಬೀಳುತ್ತದೆ. ಹತ್ತಿರ ಇದ್ದವರಿಗೆ ಮೊದಲು. ಯಾರೂ ಸಿಗದಿದ್ದರೆ ನಾಲ್ಕನೆಯ ದಿನ ಬೆಳಿಗ್ಗೆ ಯಜಮಾನನ ಹತ್ತಿರವೇ ವಾಪಸ್ಸು ಬರುತ್ತದೆ. ಚಟ ಇಟ್ಟುಕೊಂಡೇ ಯಾರಾದರೂ ಸತ್ತರೆ ಅವರ ಜತೆ ಅದೂ ಮುಗಿಯಿತು. ಅದಕ್ಕೇ ಹಿಂದೆ ವಯಸ್ಸಾದವರು, 'ನನಗಿರಲಿ ಬಿಡಪ್ಪಾ' ಎಂದು ಖಾಲಿ ಓಣಿಯಲ್ಲಿ ಕೂತು ಮಗನದೋ ಅಳಿಯನದೋ ಚಟ ಇಸಿದುಕೊಳ್ಳುತ್ತಿದ್ದರು. ಉಗುರು ಕಚ್ಚುವುದು, ನಸ್ಯ ಏರಿಸುವುದು, ಕೂತಲ್ಲಿ ಕಾಲು ಕುಣಿಸುವುದು ಇಂಥವಕ್ಕೆ ತೊಂದರೆಯಿರಲಿಲ್ಲ. ಆದರೆ ಹಿಂದಿನ ಓಣಿಯ ಗಂಗಮ್ಮಜ್ಜಿ ಮಗನ ಬೀಡಿ ಇಸಿದುಕೊಂಡು, ಎಂಟೇ ತಿಂಗಳಲ್ಲಿ ಕೆಮ್ಮಿ ಕೆಮ್ಮಿ ಹೋದಳು. ಮಗ ಇವತ್ತಿಗೂ ಯಾರ ಮುಖವನ್ನೂ ನೆಟ್ಟಗೆ ನೋಡುವುದಿಲ್ಲ. ಅಂದಿನಿಂದ ನಮ್ಮ ಕಡೆ ಹೊಗೆಯ ಚಟವನ್ನು ಮುದುಕರಿಗೆ ಒಪ್ಪಿಸುವುದು ನಿಂತಿತು. ಸೇದುವವರು ಸೇದುತ್ತಲೇ ಉಳಿದರು.

ನನ್ನ ಸಿಗರೇಟು ಮೂಲತಃ ನನ್ನದಲ್ಲ, ಇನಾಮದಾರ ಮಾಸ್ತರದು. ಇಪ್ಪತ್ತನೆಯ ವಯಸ್ಸಿಗೆ ಆಗಷ್ಟೇ ಕಂಡಕ್ಟರನಾಗಿ ಸೇರಿದ್ದೆ. ಒಂದು ಮಧ್ಯಾಹ್ನ ಸ್ಟ್ಯಾಂಡಿನ ಸಿಮೆಂಟು ಬೆಂಚಿನ ಮೇಲೆ ಬುತ್ತಿ ಬಿಚ್ಚಿ ಕೂತವನಿಗೆ ಇದ್ದಕ್ಕಿದ್ದಂತೆ ಉಂಗುರದ ಬೆರಳೂ ಕಿರುಬೆರಳೂ ಬಿಡಿಸಿಕೊಂಡು ನಿಂತವು. ರೊಟ್ಟಿ ಬೇಡವಾಯಿತು. ಎದ್ದುಹೋಗಿ ಅಂಗಡಿಯವನ ಹತ್ತಿರ ಒಂದು ಸಿಗರೇಟು ಕೇಳಿ, ಅದನ್ನು ಎಡ ಮಣಿಕಟ್ಟಿನ ಮೇಲೆ ಮೂರು ಸಲ ಕುಟ್ಟಿ, ಆ ಎರಡು ಬೆರಳ ನಡುವೆ ಸಿಕ್ಕಿಸಿ ಹಚ್ಚಿದೆ. ಅಂಗಡಿಯವನು ನೋಡಿದವನೇ, "ಅಯ್ಯೋ ತಮ್ಮಾ, ಇದು ನಮ್ಮ ಮಾಸ್ತರದಲ್ಲೇನೋ" ಅಂದ. ಮಾಸ್ತರು ದಿನಾ ಅದೇ ಬೆಂಚಿನ ಮೇಲೆ ಬಸ್ಸು ಕಾಯುತ್ತ ಸೇದುತ್ತಿದ್ದರು, ಸೇದುವ ಮುಂಚೆ ಗಡಿಯಾರದ ಗಾಜಿನ ಮೇಲೆ ಮೂರು ಸಲ ಕುಟ್ಟುತ್ತಿದ್ದರು. ನನ್ನ ಕೈಯಲ್ಲಿ ಗಡಿಯಾರವೇ ಇರಲಿಲ್ಲ. ಮಾಸ್ತರು ಹೆಂಡತಿಯ ಜತೆ ಜಗಳವಾಡಿ ಹಟಕ್ಕೆ ಬಿದ್ದು, ಯಾರಿಗೂ ಹೇಳದೆ ಬಿಟ್ಟುಬಿಟ್ಟಿದ್ದರಂತೆ. ಹೇಳದೆ ಬಿಡುವುದು ನಮ್ಮೂರಲ್ಲಿ ಕಳ್ಳತನಕ್ಕಿಂತ ಕೀಳು. ಮಾಸ್ತರು ಕೆಟ್ಟವರಲ್ಲ, ಆ ಹೊತ್ತಿಗೆ ಸಿಟ್ಟಿನಲ್ಲಿದ್ದರು, ಅಷ್ಟೇ. ಆಮೇಲೆ ಪ್ರತಿ ದೀಪಾವಳಿಗೂ ಒಂದು ಚೀಲ ಪೇರಲ ಹಣ್ಣು ತಂದು ನಮ್ಮ ಕಟ್ಟೆಯ ಮೇಲಿಟ್ಟು, ನೀರು ಸಹ ಕುಡಿಯದೆ ಹೋಗುತ್ತಿದ್ದರು. ಮೂವತ್ತೆಂಟು ವರ್ಷ ಒಂದು ಸಲವೂ ತಪ್ಪಿಸಲಿಲ್ಲ.

ನನ್ನ ಹೆಂಡತಿ ಕಸ್ತೂರೆವ್ವ ಕೌದಿ ಹೊಲಿಯುತ್ತಾಳೆ. ಹಳೆ ಸೀರೆ, ಧೋತರ, ಅಂಗಿ ಎಲ್ಲಾ ತೊಳೆದು, ಹರಿದು, ತ್ಯಾಪಿ ಮೇಲೆ ತ್ಯಾಪಿ ಇಟ್ಟು ಹೊಲಿದರೆ ನಾಲ್ಕು ಮಂದಿ ಹೊದೆಯುವಂಥ ಕೌದಿ ಆಗುತ್ತದೆ. ಅವಳಿಗೆ ಉಬ್ಬಸ. ತೊಳೆದ ಬಟ್ಟೆ ಮಾಳಿಗೆಯ ಮೇಲೆ ಒಣಹಾಕಬೇಕು, ಮಾಳಿಗೆಗೆ ಹತ್ತೊಂಬತ್ತು ಮೆಟ್ಟಿಲು. ಆರಕ್ಕೊಮ್ಮೆ, ಹನ್ನೆರಡಕ್ಕೊಮ್ಮೆ, ಹದಿನಾರಕ್ಕೊಮ್ಮೆ ನಿಂತು, ಸೊಂಟದ ಚೀಲದಿಂದ ಪಂಪು ತೆಗೆದು ಬಾಯಿಗೆ ಹಿಡಿಯುತ್ತಿದ್ದಳು. ಮೊದಲು ಒಂದೇ ಕಡೆ ನಿಲ್ಲುತ್ತಿದ್ದಳು. ನಾನು ಹೊರಗೆ ಹೋಗಿ ಸೇದುತ್ತಿದ್ದೆ, ಬಾಯಿ ತೊಳೆದು ಬರುತ್ತಿದ್ದೆ. ಆದರೂ ಅಂಗಿಯಲ್ಲಿ ಬಂದದ್ದು ಅವಳ ಎದೆಗೆ ಹೋಗುತ್ತಿತ್ತು.

ಸರ್ಕಾರಿ ದವಾಖಾನೆಯ ಡಾಕ್ಟರ್ ಸುಮತಿ ದಕ್ಷಿಣದ ಕಡೆಯವರು, ನಮ್ಮೂರಿಗೆ ಬಂದು ಮೂರು ವರ್ಷವಾಗಿತ್ತು. ಕಸ್ತೂರಿಯ ಬೆನ್ನಿಗೆ ನಳಿಗೆ ಹಚ್ಚಿ ಕೇಳಿ, ನನ್ನ ಕಡೆ ತಿರುಗಿ, "ಸಿಗರೇಟು ಬಿಡಿ. ಇವರಿಗೋಸ್ಕರ ಬಿಡಿ" ಅಂದರು.

"ಬಿಟ್ಟರ ಯಾರ ಮ್ಯಾಲೆ ಬೀಳತೈತ್ರಿ ಮೇಡಮ್? ಮನ್ಯಾಗ ಹತ್ತಿರದಾಕಿ ಈಕಿನ ಅದಾಳ."

ಡಾಕ್ಟರು ಪೆನ್ನು ಕೆಳಗಿಟ್ಟರು. ಬಂದ ಹೊಸತರಲ್ಲಾಗಿದ್ದರೆ ನಗುತ್ತಿದ್ದರೇನೋ. ಅಷ್ಟರಲ್ಲಿ ಅವರ ಕಂಪೌಂಡರನ ಉಗುರು ಕಚ್ಚುವ ಚಟ ಅವರಿಗೇ ಬಂದಿತ್ತು.

ಹೀಗೆ ಎರಡೂ ಕಡೆ ಬಾಗಿಲು ಮುಚ್ಚಿತ್ತು. ಸೇದಿದರೆ ಅವಳ ಉಸಿರು ಸುಡುತ್ತದೆ, ಬಿಟ್ಟರೆ ಅದೇ ಸಿಗರೇಟು ಅವಳ ಬಾಯಿಗೇ ಬರುತ್ತದೆ. ಅವಳನ್ನು ಬೇರೆಲ್ಲಾದರೂ ಕಳಿಸಿದರೆ ಪಕ್ಕದ ಮನೆಯ ಶಾಂತವ್ವನಿಗೆ. ಶಾಂತವ್ವನೂ ಯಾರದೋ ಹೆಂಡತಿ, ಯಾರದೋ ತಾಯಿ.

ಈ ಗಂಟು ಮೊದಲು ಸಡಿಲಾದದ್ದು ನಮ್ಮ ಡ್ರೈವರ್ ಫಕ್ಕೀರೇಶ ಮಾಡಿದ ಎಡವಟ್ಟಿನಿಂದ. ಅವನು ನಮ್ಮ ಓಣಿಯವನೇ, ನನ್ನ ಜತೆ ಹದಿನೆಂಟು ವರ್ಷ ಬಸ್ಸು ಓಡಿಸಿದವನು. ಅವನ ಷಡ್ಡಕ ಹೊರದೇಶದಿಂದ ಬರುವಾಗ ಒಂದು ಇ-ಸಿಗರೇಟು ತಂದುಕೊಟ್ಟಿದ್ದ. ನೋಡಲು ದಪ್ಪ ಪೆನ್ನಿನ ಹಾಗೆ, ಒಳಗೆ ಮಾವಿನ ವಾಸನೆಯ ರಸ, ಎಳೆದರೆ ಬೆಂಕಿಯಿಲ್ಲದೆ ಹಬೆ ಬರುತ್ತದೆ. ಓಣಿಯವರೆಲ್ಲ ಅದನ್ನು ಪೆನ್ನು ಎಂದೇ ಕರೆದರು. ಫಕ್ಕೀರೇಶ ಸಿಗರೇಟು ಬಿಟ್ಟೇಬಿಟ್ಟೆ ಎಂದು ಎರಡು ಕಿಲೋ ಸಕ್ಕರೆ ತಂದು ಹಂಚಿದ. ನಾವು ಹನ್ನೊಂದೂ ಮನೆಯವರು ಹಾಸಿಗೆ ಸುತ್ತಿಕೊಂಡು ಛತ್ರಕ್ಕೆ ಹೋದೆವು. ಸೇದುವವನಾದ ನನ್ನ ಮೇಲೆ ಅದು ಬೀಳುವಂತಿರಲಿಲ್ಲ. ಆದರೂ ಕಸ್ತೂರಿಯ ಹಾಸಿಗೆ ಹೊರಲು ಹೋದೆ. ಹಬೆ ಎಳೆಯುತ್ತ ಬಿಟ್ಟ ಸಿಗರೇಟು ಹಗುರವಾಗಿರುತ್ತದೆ ಎಂದು ಹೇಳಿ ಅವನ ಸೋದರಮಾವ ದುರಗಪ್ಪ ಓಣಿಯಲ್ಲಿ ಉಳಿದ. ಎಪ್ಪತ್ತೊಂಬತ್ತರ ಮುದುಕ, ದಿನ ಕಳೆಯುವುದು ಕಷ್ಟವಾಗಿತ್ತು, ಏನಾದರೊಂದು ಬಂದರೆ ಸಾಕೆಂದು ಕಡ್ಡಿಪೆಟ್ಟಿಗೆ ಹಿಡಿದು ಕಟ್ಟೆಯ ಮೇಲೆ ಕೂತ.

ಮೂರು ದಿನ ಕಳೆದರೂ ಮುದುಕನಿಗೆ ಏನೂ ಬರಲಿಲ್ಲ. ನಾಲ್ಕನೆಯ ದಿನ ನಾವು ಹಾಸಿಗೆ ಹೊತ್ತು ವಾಪಸ್ಸು ಬಂದಾಗ ಅವನು ಕಡ್ಡಿಪೆಟ್ಟಿಗೆಯನ್ನು ಅಳಿಯನ ಕಾಲಬುಡಕ್ಕೆ ಎಸೆದು, "ಬಿಟ್ಟೀನಿ ಬಿಟ್ಟೀನಿ ಅಂತ ಡಂಗುರ ಹೊಡದ್ಯಲ್ಲೋ, ಎಲ್ಲೈತಿ?" ಅಂದ.

"ಸೇದಿಲ್ಲ ಮಾವಾ, ನಿನ್ನಾಣಿ. ಪೆನ್ನಷ್ಟ ಎಳದೀನಿ."

"ಮೂರು ದಿನ ಹೊಲಿಗಿ ಮಿಷನ್ನು ಬಂದ್ ಮಾಡಿಸೀದಿ" ಎಂದು ಶಿಂಪಿಗ ಮಾರುತಿ ಶುರುಮಾಡಿದ. ಶಾಂತವ್ವ ಅವನನ್ನು ಪಕ್ಕಕ್ಕೆ ಸರಿಸಿ, "ಛತ್ರದಾಗ ತಿಗಣಿ ಕಡಿಸಿಕೊಂಡವರು ನಾವು. ನಿನ್ನ ಸಿಗರೇಟು ಅಂಗಿ ಬದಲಿ ಮಾಡೇತಿ, ಮನಿ ಬಿಟ್ಟಿಲ್ಲ" ಅಂದಳು.

ಎಲ್ಲರೂ ಬೈಯುತ್ತಿದ್ದರು, ನಾನು ಮಾತ್ರ ಶಾಂತವ್ವನ ಮಾತಿಗೆ ಅಂಟಿಕೊಂಡೆ. ಸಿಗರೇಟು ಅಂಗಿ ಬದಲಿ ಮಾಡಿದೆ, ಮನೆ ಬಿಟ್ಟಿಲ್ಲ. ಅಂದರೆ ಮೂರು ದಿನ ಹೊಗೆಯಿಲ್ಲ, ಆದರೂ ಚಟ ಯಾರ ಮೇಲೂ ಬಿದ್ದಿಲ್ಲ. ಕೈಬಿಡದೆ ಹಿಡಿದುಕೊಂಡೇ ಹೊಗೆ ನಿಲ್ಲಿಸಬಹುದು ಎಂದಾಯಿತು. ಮಾರನೆಯ ದಿನ ಡ್ಯೂಟಿ ಮುಗಿಸಿ ಸೀದಾ ದವಾಖಾನೆಗೆ ಹೋಗಿ ಪೆನ್ನಿನ ವಿಷಯ ಕೇಳಿದೆ.

"ಸುಡೋ ಹೊಗೆಯಲ್ಲಿ ವಿಷ ಜಾಸ್ತಿ ಅಡಿವೆಪ್ಪನವರೇ. ನಿಕೋಟಿನ್ ಅನ್ನೋದು ನಿಮ್ಮನ್ನ ಅದಕ್ಕೆ ಕಟ್ಟಿಹಾಕಿರೋ ಹಗ್ಗ" ಅಂದರು ಡಾಕ್ಟರು. "ಪೆನ್ನಿನಿಂದ ಕೆಲವರು ಸಿಗರೇಟು ಬಿಟ್ಟಿದಾರೆ. ಇನ್ನು ಕೆಲವರು ಎರಡನ್ನೂ ಇಟ್ಕೊಂಡು ಕೂತಿದಾರೆ. ಅದರ ರಸದಲ್ಲಿ ಏನೇನು ಹಾಕಿರ್ತಾರೆ ಅಂತ ನನಗೂ ಪೂರ್ತಿ ಗೊತ್ತಿಲ್ಲ. ನನಗೆ ಗೊತ್ತಿರೋದನ್ನ ಕೊಡ್ತೀನಿ."

ಕೊಟ್ಟದ್ದು ಎರಡು. ಒಂದು, ತೋಳಿಗೆ ಅಂಟಿಸುವ ಪಟ್ಟಿ. ದಿನಕ್ಕೊಂದು, ಮೊದಲು ದೊಡ್ಡದು ಆರು ವಾರ, ಆಮೇಲೆ ಮಧ್ಯಮದ್ದು, ಆಮೇಲೆ ಸಣ್ಣದು. ಹೊಗೆಯಿಲ್ಲದೆ ಮೈಗೆ ನಿಕೋಟಿನ್ ನಿಧಾನವಾಗಿ ಇಳಿಯುತ್ತದಂತೆ. ಇನ್ನೊಂದು ಗಮ್ಮು. ಸೇದಬೇಕೆನಿಸಿದ ಹೊತ್ತಿಗೆ ಒಂದು ಬಾಯಿಗೆ ಹಾಕಿ, ಬಾಯಿ ಚುರುಗುಡುವವರೆಗೆ ಅಗಿದು, ಕೆನ್ನೆಯಲ್ಲಿ ಒತ್ತಿ ಇಟ್ಟುಕೊಳ್ಳಬೇಕು. "ಒಂದೇ ಸಲ ಬಿಡಬೇಡಿ, ಇಳಿಸ್ತಾ ಬನ್ನಿ. ನೀವು ಕಂಡಕ್ಟರು, ನಿಮಗೆ ಹೇಳಬೇಕಾ? ದೊಡ್ಡ ನೋಟನ್ನ ಹೇಗೆ ಸಾಗಹಾಕ್ತೀರಿ?"

"ಚಿಲ್ಲರಿ ಮಾಡಿ" ಅಂದೆ.

ಹಾಗೆಂದ ಮೇಲೆ ನನಗೇ ಅರ್ಥವಾಯಿತು. ನಡುಬೀದಿಯಲ್ಲಿ ಐನೂರರ ನೋಟು ಯಾರ ಕೈಗಾದರೂ ತುರುಕಿದರೆ ಅವನು ಗಾಬರಿಯಾಗುತ್ತಾನೆ. ಅದೇ ದುಡ್ಡನ್ನು ಒಂದೊಂದು ರೂಪಾಯಿ ಮಾಡಿ ಇಡೀ ಬಸ್ಸಿಗೆ ಹಂಚಿದರೆ ಯಾರ ಜೇಬೂ ಭಾರವಾಗುವುದಿಲ್ಲ.

ತೋಳಿನ ಪಟ್ಟಿ ನೋಡಿ ಕಸ್ತೂರಿ ಅವತ್ತಿಡೀ ನಕ್ಕಳು. "ಏನ್ರಿ ಇದು, ನಿಮಗೂ ತ್ಯಾಪಿ ಹಚ್ಚ್ಯಾರಲ್ಲ. ಹರದದ್ದು ಎದಿ, ಹಚ್ಚಿದ್ದು ತೋಳಿಗೆ. ಡಾಕ್ಟರಿಗೆ ಹೊಲಿಗಿ ಬರೂದಿಲ್ಲ ಬಿಡ್ರಿ."

ಮೊದಲ ವಾರ ಸುಖವಾಗಿತ್ತು ಎಂದು ಸುಳ್ಳು ಹೇಳುವುದಿಲ್ಲ. ಹದಿನಾಲ್ಕು ಸಿಗರೇಟಿನ ಹದಿನಾಲ್ಕು ಹೊತ್ತಿಗೂ ಒಂದೊಂದು ಗಮ್ಮು ಅಗಿದೆ. ತೋಳು ತುರಿಸುತ್ತಿತ್ತು, ಬಿಕ್ಕಳಿಕೆ ಬರುತ್ತಿತ್ತು, ಟಿಕೆಟ್ಟು ಕೇಳಿದವರ ಮೇಲೆಲ್ಲ ಹರಿಹಾಯುತ್ತಿದ್ದೆ. ಫಕ್ಕೀರೇಶ ಕನ್ನಡಿಯಲ್ಲಿ ನೋಡಿ, "ಲೇ, ನೀ ಸೇದತಿದ್ದಾಗ ಎಷ್ಟು ಛಲೋ ಮನಶ್ಯಾ ಇದ್ದಿ" ಅನ್ನುತ್ತಿದ್ದ. ಅವನು ಅಷ್ಟರಲ್ಲಿ ಮನೆಯಲ್ಲಿ ಪೆನ್ನು, ಸ್ಟ್ಯಾಂಡಿನಲ್ಲಿ ಸಿಗರೇಟು ಎಂದು ಎರಡು ಸಂಸಾರ ಹೂಡಿದ್ದ. ಆದರೆ ನನ್ನ ಬಾಯಿಗೆ ಹೊಗೆ ಹೋಗಲಿಲ್ಲ, ಊರಲ್ಲಿ ಯಾರ ಮೇಲೂ ಏನೂ ಬೀಳಲಿಲ್ಲ.

ನಾಲ್ಕನೆಯ ವಾರದಿಂದ ಚಿಲ್ಲರೆ ಕೊಡಲು ಶುರುಮಾಡಿದೆ. ನನ್ನ ಹದಿನಾಲ್ಕರಲ್ಲಿ ಹದಿಮೂರು ಡ್ಯೂಟಿಯ ಮೇಲಿನವು, ಬಸ್ಸಿನ ದಾರಿಯಲ್ಲೇ ಸೇದಿದಂಥವು. ಅವು ಬಿದ್ದರೂ ದಾರಿಯಲ್ಲೇ ಬೀಳಬೇಕು, ಸಣ್ಣ ಚೂರಾದ್ದರಿಂದ ಬೇಗನೆ ಬೀಳಬೇಕು. ಹೇಳದೆ ಬಿಡುವ ಮಾತೇ ಇರಲಿಲ್ಲ. ಹೇಳದೆ ಬಿದ್ದದ್ದನ್ನು ಮೂವತ್ತೆಂಟು ವರ್ಷ ಹೊತ್ತವನು ನಾನು. ಗಿರಣಿ ಗೇಟಿನಲ್ಲಿ ಬಸ್ಸು ನಿಂತಾಗ ಸೀಟಿ ಊದಿ ಹೇಳಿದೆ. "ಕೇಳ್ರಿ ಎಲ್ಲಾರೂ. ಇವತ್ತಿಂದ ಇಲ್ಲಿಯ ಹನ್ನೊಂದು ಗಂಟಿ ಗಮ್ಮು ಬಿಡಾಕತ್ತೀನಿ. ಸಿಗರೇಟಲ್ಲ, ಅದರ ಒಂದು ಚೂರು. ಬ್ಯಾಡಾದವರು ಇಳದು ಮುಂದಿನ ಬಸ್ಸಿಗೆ ಬರ್ರಿ."

ಮುಂದಿನ ಬಸ್ಸು ಎಂದರೆ ಇದೇ ಬಸ್ಸು ಇನ್ನೊಂದು ಸುತ್ತು ಹೊಡೆದು ಬರುವುದು. ಯಾರೂ ಇಳಿಯಲಿಲ್ಲ. ಹಿಂದಿನ ಸೀಟಿನಿಂದ ಗಿರಣಿಯ ಚಂಪವ್ವ ಕೂಗಿದಳು. "ಕಂಡಕ್ಟರ್ರ, ಇಪ್ಪತ್ತು ವರ್ಷ ಆತು, ಚಿಲ್ಲರಿ ಇಲ್ಲ ಚಿಲ್ಲರಿ ಇಲ್ಲ ಅಂತ ಟಿಕೀಟಿನ ಹಿಂದ ಬರದು ಕೊಟ್ರಿ. ಈಗರ ಕೊಡಾಕತ್ತೀರಿ, ತೊಗೊಂಡು ಹೋಗ್ತೀವಿ ಬಿಡ್ರಿ."

ಇಡೀ ಬಸ್ಸು ನಕ್ಕಿತು. ಆ ಚೂರು ಚಂಪವ್ವನಿಗೇ ಬಿತ್ತು. ಮಾರನೆಯ ದಿನದಿಂದ ಅವಳು ಬುತ್ತಿಯ ಡಬ್ಬಿ ಬಿಚ್ಚುವ ಮುಂಚೆ ಮುಚ್ಚಳದ ಮೇಲೆ ಮೂರು ಸಲ ಕುಟ್ಟತೊಡಗಿದಳು. ಅಷ್ಟೇ. ಗಿರಣಿಯ ಹೆಂಗಸರೆಲ್ಲ ಅದನ್ನೇ ಊಟದ ಗಂಟೆ ಮಾಡಿಕೊಂಡರು.

ವಾರಕ್ಕೊಂದರಂತೆ ಬಿಡುತ್ತ ಹೋದೆ. ಸಂತೆ ಮೈದಾನದ ಚೂರು ನಿವೃತ್ತ ಪೋಸ್ಟ್‌ಮನ್ನನಿಗೆ ಬಿದ್ದು, ಅವನಿಗೆ ಊಟದ ನಂತರ ಹೊರಗೆ ಬಂದು ಎರಡು ನಿಮಿಷ ಮರದ ಕೆಳಗೆ ಸುಮ್ಮನೆ ನಿಲ್ಲುವ ಗೀಳು ಹತ್ತಿತು. ಒಬ್ಬಳಿಗೆ ಮಧ್ಯಾಹ್ನವಾದರೆ ಬಾಯಲ್ಲಿ ಒಂದು ಯಾಲಕ್ಕಿ ಬೇಕೇ ಬೇಕೆನಿಸಿತು. ಬ್ಯಾಂಕಿನ ಗುಮಾಸ್ತನೊಬ್ಬ ಪೆನ್ಸಿಲನ್ನು ಕಿರುಬೆರಳ ಪಕ್ಕ ಸಿಕ್ಕಿಸಿಕೊಳ್ಳಲು ಕಲಿತ. ಮೋಡ ನೋಡಿ ನಿಟ್ಟುಸಿರು ಬಿಡುವುದು, ಪರಿಚಯವಿಲ್ಲದವರ ಪಕ್ಕ ಹೋಗಿ ನಿಂತು ಮಳೆಯ ಸುದ್ದಿ ತೆಗೆಯುವುದು, ಇವೆಲ್ಲ ನನ್ನ ಸಿಗರೇಟಿನೊಳಗೆ ಸೇರಿಕೊಂಡಿದ್ದವು ಎಂದು ನನಗೇ ಗೊತ್ತಿರಲಿಲ್ಲ. ಕೆಲವೊಂದು ಹಂಚುವಾಗ, ಇದನ್ನು ನಾನೇ ಇಟ್ಟುಕೊಳ್ಳಬಹುದಿತ್ತಲ್ಲ ಅನ್ನಿಸಿದ್ದೂ ಉಂಟು.

ಆ ದಿನಗಳಲ್ಲಿ ಇನಾಮದಾರ ಮಾಸ್ತರು ದಿನಾ ಬಸ್ಸಿಗೆ ಬರುತ್ತಿದ್ದರು. ಎಂಬತ್ನಾಲ್ಕು ವರ್ಷ, ಎಲ್ಲಿಗೂ ಹೋಗುವ ಕೆಲಸವಿಲ್ಲ. ಕಂಡಕ್ಟರ್ ಸೀಟಿನ ಪಕ್ಕದಲ್ಲೇ ಕೂತು ಗೇಟಿನವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದರು. ನಾನು ಸೀಟಿ ಊದಿದಾಗಲೆಲ್ಲ ಕೋಲು ಬದಿಗಿಟ್ಟು ಎರಡೂ ಅಂಗೈ ತೊಡೆಯ ಮೇಲೆ ಬಿಚ್ಚಿಟ್ಟುಕೊಳ್ಳುತ್ತಿದ್ದರು. ಹತ್ತು ಹನ್ನೆರಡು ವಾರವಾದ ಮೇಲೆ ಒಂದು ದಿನ, "ಅಡಿವೆಪ್ಪಾ, ಎಲ್ಲಾರಿಗೂ ಬಿತ್ತು. ನನಗೊಂದು ಚೂರೂ ಬೀಳವಲ್ಲದಲ್ಲೋ" ಅಂದರು. ಸಾಲಿನಲ್ಲಿ ನಿಂತೂ ಪ್ರಸಾದ ಸಿಗದವರ ಮುಖ ಹಾಗಿರುತ್ತದೆ. ಹತ್ತಿರದವರಿಗೆ ಮೊದಲು ಎಂಬ ಕಟ್ಟಳೆ ಈ ಚೂರುಗಳಿಗೆ ಯಾಕೋ ಹಿಡಿಯಲಿಲ್ಲ. ನಾನು ಟಿಕೆಟ್ಟು ಹರಿದು ಕೊಟ್ಟೆ.

ಹದಿಮೂರೂ ಮುಗಿದವು. ಪಟ್ಟಿಯೂ ಮುಗಿಯಿತು. ಉಳಿದದ್ದು ಒಂದೇ ಗಮ್ಮು, ಬೆಳಿಗ್ಗೆ ಐದೂವರೆಯದು. ಅದು ಬಸ್ಸಿನದಲ್ಲ. ಎದ್ದ ಕೂಡಲೇ ಮನೆಯ ಕಟ್ಟೆಯ ಮೇಲೆ ಕೂತು, ಚಹಾಕ್ಕೂ ಮುಂಚೆ ಹಚ್ಚುತ್ತಿದ್ದ ಮೊದಲ ಸಿಗರೇಟಿನ ಜಾಗದ್ದು. ಎಲ್ಲಕ್ಕಿಂತ ಗಟ್ಟಿ ಅದೇ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದನ್ನು ಬಿಟ್ಟರೆ ಬೀಳುವುದು ಮನೆಯಲ್ಲೇ. ಬಾಗಿಲ ಒಳಗೆ ನಾಲ್ಕು ಹೆಜ್ಜೆ ದೂರದಲ್ಲಿ ಕಸ್ತೂರಿ ಮಲಗಿರುತ್ತಾಳೆ. ಬಸ್ಸಿನ ಚೂರುಗಳು ಹಗುರವಾಗಿದ್ದವು, ನಿಜ. ಆದರೆ ಇದು ಬೇರು. ಇದರಿಂದ ಮತ್ತೆ ಚಿಗುರಿ, ಅವಳು ಒಂದು ಬೆಳಿಗ್ಗೆ ಅಂಗಡಿಗೆ ಹೋಗಿ ಸಿಗರೇಟು ಕೇಳಿದರೆ ಏನು ಮಾಡಲಿ? ಆ ಒಂದು ಗಮ್ಮನ್ನು ನಾಲ್ಕು ತಿಂಗಳು ಬಿಡದೆ ಅಗಿದೆ.

ಕಸ್ತೂರಿಗೆ ಗೊತ್ತಿತ್ತು. ಒಂದು ದಿನ ಸೂಜಿಗೆ ದಾರ ಪೋಣಿಸುತ್ತ, "ಅದನ್ನೂ ಬಿಡ್ರಿ. ಬಿದ್ದರ ಬೀಳಲಿ, ನನಗಿರಲಿ" ಅಂದಳು.

"ಹಂಗನ್ನಬ್ಯಾಡ."

"ಮೂವತ್ತು ವರ್ಷ ನಿಮ್ಮ ಹೊಗಿ ಕೇಳದನ ನನ್ನ ಎದಿಗೆ ಬಂತು. ಒಂದು ಗಮ್ಮಿಗೆ ಇಷ್ಟ್ಯಾಕ ಅಂಜತೀರಿ?"

"ಆವಾಗ ತಿಳೀದ ಮಾಡಿದ್ದು. ತಿಳದು ಹ್ಯಾಂಗ ಮಾಡ್ಲಿ?"

ಅವಳು ದಾರವನ್ನು ಹಲ್ಲಿನಿಂದ ಕಡಿದು, ಹೊಲಿಗೆಗೆ ತಿರುಗಿದಳು. ಆದರೆ ಆ ವಾರವೇ ಅವಳು ಯಾರಿಗೋ ಕೌದಿ ಕೊಡಲು ಮೇಲಿನ ಓಣಿಗೆ ಹೋಗಿದ್ದಳು. ಇನಾಮದಾರ ಮಾಸ್ತರ ಮನೆ ಅದೇ ಓಣಿಯಲ್ಲಿ.

ಮುಂದಿನ ಸೋಮವಾರ, ದೀಪಾವಳಿಗೆ ಇನ್ನೂ ಎರಡು ತಿಂಗಳಿರುವಾಗ, ಮಾಸ್ತರು ಪೇರಲದ ಚೀಲ ಹಿಡಿದು ಬೆಳಿಗ್ಗೆ ಐದಕ್ಕೇ ನಮ್ಮ ಕಟ್ಟೆಗೆ ಬಂದರು. ಈ ಸಲ ಚೀಲ ಇಟ್ಟು ಹೋಗಲಿಲ್ಲ, ಅದರ ಪಕ್ಕ ತಾವೂ ಕೂತರು.

"ನಂದು ನನಗ ಕೊಡು" ಅಂದರು. "ಬೆಂಚಿನ ಮ್ಯಾಲೆ ಬಿಟ್ಟು ಹೋಗಿದ್ದೆ. ತಡಾ ಆತು, ತೊಗೊಂಡು ಹೋಗಾಕ ಬಂದೀನಿ."

"ಮಾಸ್ತರ, ನಿಮ್ಮ ವಯಸ್ಸಿಗೆ..."

"ನನ್ನ ವಯಸ್ಸಿಗೆ ಒಂದು ಗಮ್ಮು ಭಾರ ಆಗತೈತೇನು? ಹಲ್ಲು ಇನ್ನೂ ನನ್ನವ ಅದಾವು. ಡಾಕ್ಟರಿಗೂ ಕೇಳೀನಿ. ಎದಿ ಬಡಿತ ನೋಡಿ, ಆಗಲಿ ಅಂದ್ರು."

ನಾನು ಕಸ್ತೂರಿಯನ್ನು ಮೊದಲ ಬಸ್ಸಿಗೆ ಅವಳ ಅಕ್ಕನ ಮನೆಗೆ ಕಳಿಸಿದೆ. ಶಾಂತವ್ವನೂ ಮಾರುತಿಯೂ ಸಂಜೆಯವರೆಗೆ ಹೊರಗಿರಲು ಒಪ್ಪಿದರು, ಸಕ್ಕರೆ ಕೇಳಲಿಲ್ಲ. ನಾನು ರಜೆ ಹಾಕಿದೆ. ಐದೂವರೆಯಾಯಿತು, ಆರಾಯಿತು, ಗಮ್ಮು ಹಾಕಿಕೊಳ್ಳಲಿಲ್ಲ. ಕಟ್ಟೆಯ ಮೇಲೆ ಇಬ್ಬರೂ ಅಕ್ಕಪಕ್ಕ ಕೂತೆವು. ಏಳಾಯಿತು, ಎಂಟಾಯಿತು. ಮಾಸ್ತರು ನನ್ನನ್ನು ಒಮ್ಮೆಯೂ ಕ್ಷಮೆ ಕೇಳಿದವರಲ್ಲ, ಅವತ್ತೂ ಕೇಳಲಿಲ್ಲ. ತಮ್ಮ ಹೆಂಡತಿ ಆ ಜಗಳದಲ್ಲಿ ಏನು ಅಂದಿದ್ದಳು ಎಂಬುದನ್ನು ಮಾತ್ರ ಹೇಳಿದರು. ಬಾಯಿ ಚಿಮಣಿಯ ಹಾಗೆ ನಾರುತ್ತದೆ ಅಂದಿದ್ದಳಂತೆ. ಅಷ್ಟಕ್ಕೇ ಬಿಟ್ಟರಂತೆ. ಅವಳು ಹೋಗಿ ಹದಿನೇಳು ವರ್ಷವಾಗಿತ್ತು.

ಹತ್ತರ ಹೊತ್ತಿಗೆ ಓಣಿಯ ತುದಿಯಲ್ಲಿ ಕಸ್ತೂರಿ ಕಾಣಿಸಿದಳು. ಎದ್ದು ನಿಂತು ಬೇಡ ಬೇಡವೆಂದು ಕೈಬೀಸಿದೆ. ಅವಳು ಬಂದೇಬಿಟ್ಟಳು. "ಪಂಪು ಮರತು ಹೋಗಿದ್ದೆ. ಉಸರು ಹತ್ತಿತು. ಅಕ್ಕನ ಮನ್ಯಾಗ ಸಾಯಲೇನು?" ಎಂದು ನಮ್ಮಿಬ್ಬರ ನಡುವೆಯೇ ಹಾದು ಒಳಗೆ ಹೋದಳು. ನನ್ನಿಂದ ಒಂದು ಗೇಣು ದೂರ. ಮಾಸ್ತರು ಇದ್ದದ್ದು ನನ್ನಿಂದ ಎರಡು ಗೇಣು ದೂರ.

ಒಳಗೆ ಪಂಪಿನ ಸದ್ದಾಯಿತು. ಆಮೇಲೆ ಏನೂ ಕೇಳಲಿಲ್ಲ. ಆಮೇಲೆ ಬಾಗಿಲ ಚೌಕಟ್ಟಿನ ಮೇಲೆ, ಟಕ್, ಟಕ್, ಟಕ್.

ಮಾಸ್ತರು ಕಣ್ಣು ಮುಚ್ಚಿಕೊಂಡರು. ತಿರುಗಿ ನೋಡಿದರೆ ಕಸ್ತೂರಿ ಬಾಗಿಲಿಗೆ ಒರಗಿ, ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. "ಅಂಜಿದ್ರೇನು? ಮೂವತ್ತು ವರ್ಷ ಅದನ್ನ ಕೇಳಿ ಕೇಳಿ ನನಗ ಬಾಯಿಪಾಠ ಆಗೇತಿ. ಚಟಾ ಬರೂದು ಯಾಕ ಬೇಕು?"

ನಾನು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಸದ್ದಾಯಿತು. ಮಾಸ್ತರು ಕೋಲಿನ ಹಿಡಿಯ ಮೇಲೆ ಬೆರಳಿನಿಂದ ಕುಟ್ಟುತ್ತಿದ್ದರು. ಒಂದು, ಎರಡು, ಮೂರು. ಆಮೇಲೆ ಉಂಗುರದ ಬೆರಳೂ ಕಿರುಬೆರಳೂ ತಾವಾಗಿ ಬಿಡಿಸಿಕೊಂಡವು. ಅವರು ಆ ಕೈಯನ್ನು ಮುಖದ ಹತ್ತಿರ ತಂದು, ಬಹಳ ದಿನದ ಮೇಲೆ ಮನೆಗೆ ಬಂದ ಗೆಳೆಯನನ್ನು ನೋಡುವ ಹಾಗೆ ನೋಡಿದರು.

"ಬಂತು" ಅಂದರು. "ಎಲ್ಲೈತಿ ಗಮ್ಮು, ಕೊಡು."

ಗುಳಿಗೆಯ ಹಾಳೆಯಿಂದ ಒಂದನ್ನು ಒತ್ತಿ ಅವರ ಅಂಗೈಗೆ ಹಾಕಿದೆ. ಅವರು ಅದನ್ನು ಆ ಎರಡು ಬೆರಳ ನಡುವೆಯೇ ಹಿಡಿದು ಬಾಯಿಗಿಟ್ಟು ಅಗಿದು, ಕೆನ್ನೆಗೆ ಒತ್ತಿ, "ಖಾರ ಐತಿ" ಅಂದರು. ಕಸ್ತೂರಿ ಚಹಾ ತಂದಳು. ಗಮ್ಮು ಮುಗಿಯುವವರೆಗೆ ಬೇಡ ಎಂದು ಲೋಟ ಪಕ್ಕಕ್ಕಿಟ್ಟು ಅರ್ಧ ಗಂಟೆ ಕೂತರು. ಆಮೇಲೆ ಆರಿದ ಚಹಾ ಪೂರ್ತಿ ಕುಡಿದರು. ನಮ್ಮ ಮನೆಯಲ್ಲಿ ಅವರು ಬಾಯಿಗೆ ಏನಾದರೂ ಹಾಕಿಕೊಂಡದ್ದು ಅದೇ ಮೊದಲು.

ಆಮೇಲೆ ಎರಡು ವರ್ಷ ಮಾಸ್ತರು ಬೆಳಿಗ್ಗೆ ಐದೂವರೆಗೆ ನಮ್ಮ ಕಟ್ಟೆಗೆ ಬಂದು ಒಂದು ಗಮ್ಮು ಅಗಿದು ಹೋಗುತ್ತಿದ್ದರು. ಬೇರೆಲ್ಲಿ ಕೂತರೂ ರುಚಿಸುವುದಿಲ್ಲ ಅನ್ನುತ್ತಿದ್ದರು. ಗಮ್ಮಿನ ದುಡ್ಡು ಕೊಡಲು ಹೋದರೆ ಕೋಲು ಎತ್ತುತ್ತಿದ್ದರು. ಡಾಕ್ಟರು ಒಮ್ಮೆ, ಇನ್ನು ಅರ್ಧ ಮಾಡೋಣ, ಆಮೇಲೆ ಬಿಟ್ಟೇಬಿಡೋಣ ಅಂದರೆ, "ಇದನ್ನ ಮತ್ತ ಚಿಲ್ಲರಿ ಮಾಡಬ್ಯಾಡ್ರಿ ಮೇಡಮ್, ಇದು ಇಡಿಯಾಗಿ ನನ್ನ ಕೂಡ ಬರಬೇಕು" ಅಂದರಂತೆ. ಹೋದ ಚಳಿಗಾಲದಲ್ಲಿ ನಿದ್ದೆಯಲ್ಲೇ ಹೋದರು. ತಲೆದಿಂಬಿನ ಬಳಿ ಮೂರು ಗಮ್ಮು ಉಳಿದಿದ್ದ ಹಾಳೆ ಇತ್ತು. ನಮ್ಮ ಓಣಿಯವರೂ ಮೇಲಿನ ಓಣಿಯವರೂ ಮೂರು ದಿನ ಒಬ್ಬರ ಬೆರಳು ಒಬ್ಬರು ನೋಡುತ್ತ ಕಾದೆವು. ಯಾರಿಗೂ ಏನೂ ಬೀಳಲಿಲ್ಲ.

ನಾನು ನಿವೃತ್ತನಾದೆ. ಫಕ್ಕೀರೇಶ ಸಿಗರೇಟು ಬಿಟ್ಟಿದ್ದಾನೆ, ಪೆನ್ನು ಬಿಟ್ಟಿಲ್ಲ. ಅದನ್ನೂ ಚಿಲ್ಲರೆ ಮಾಡುತ್ತೇನೆ ಎಂದು ಡಾಕ್ಟರ ಹತ್ತಿರ ಮೂರು ಸಲ ಹೋಗಿ ಬಂದಿದ್ದಾನೆ. ಗಿರಣಿಯ ಹೆಂಗಸರು ಈಗಲೂ ಡಬ್ಬಿಯ ಮುಚ್ಚಳ ಕುಟ್ಟಿಯೇ ಊಟಕ್ಕೆ ಕೂರುತ್ತಾರೆ.

ನನಗೆ ಹೋದದ್ದು, ಬಸ್ಸು ನಿಂತಾಗ ಮೋಡ ನೋಡುವ ಆ ಎರಡು ನಿಮಿಷಗಳು, ಪರಿಚಯವಿಲ್ಲದವರ ಜತೆ ಮಳೆಯ ಮಾತು, ಮತ್ತು ಬೆಳಿಗ್ಗೆ ಕಟ್ಟೆಗೆ ಬರುತ್ತಿದ್ದ ಮಾಸ್ತರು. ಬಂದದ್ದು ಒಂದೇ. ಕಸ್ತೂರಿ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಹತ್ತೊಂಬತ್ತು ಮೆಟ್ಟಿಲು ಹತ್ತುವಾಗ ಈಗ ಹದಿನಾರರಲ್ಲಿ ಒಂದೇ ಸಲ ನಿಲ್ಲುತ್ತಾಳೆ, ಅದೂ ನನ್ನನ್ನು ಮೇಲೆ ಕರೆಯುವುದಕ್ಕೆ.